ಬೆಲಾರುಸ್‌ನ ಲೇಖಕಿ ಮತ್ತು ಸತುವಿನ ಪೆಟ್ಟಿಗೆಗಳು

ಪ್ರಭುತ್ವವನ್ನು ವಿರೋಧಿಸುವ ಸಾಹಿತಿಗೆ ದೊಡ್ಡ ಪ್ರಶಸ್ತಿ ಬಂದ ದಿನ ಎಲ್ಲ ದೇಶಗಳಲ್ಲೂ ಒಂದೇ ಮಾತು ಕೇಳಿಬರುತ್ತದೆ. ಇದು ಸಾಹಿತ್ಯಕ್ಕೆ ಬಂದ ಪ್ರಶಸ್ತಿಯಲ್ಲ, ರಾಜಕೀಯಕ್ಕೆ ಬಂದದ್ದು ಎಂಬ ಮಾತು. ಹಾಗೆ ಹೇಳುವುದಕ್ಕೆ ಆ ಸಾಹಿತಿಯ ಒಂದು ಪುಸ್ತಕವನ್ನೂ ಓದಿರಬೇಕಾಗಿಲ್ಲ. ಬಹುಶಃ ಆ ಮಾತು ಅಷ್ಟು ಬೇಗ ಹರಡುವುದಕ್ಕೆ ಅದೇ ಕಾರಣವಿರಬೇಕು.

2015ರ ಅಕ್ಟೋಬರ್ 8ರಂದು ಸ್ವೀಡಿಷ್ ಅಕಾಡೆಮಿಯು ಬೆಲಾರುಸ್‌ನ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಅವರಿಗೆ ಆ ವರ್ಷದ ಸಾಹಿತ್ಯ ನೊಬೆಲನ್ನು ಪ್ರಕಟಿಸಿದಾಗ ಆದದ್ದೂ ಇದೇ. ಪುಟಿನ್‌ರನ್ನು ಚುಚ್ಚುವುದಕ್ಕಾಗಿ ಪಾಶ್ಚಾತ್ಯರು ಕೊಟ್ಟ ಬಹುಮಾನವಿದು ಎಂದು ರಷ್ಯಾದಲ್ಲಿ ಹಲವರು ಬರೆದರು. ಅವರು ಸಾಹಿತಿಯೇ ಅಲ್ಲ, ಪತ್ರಕರ್ತೆ ಎಂದರು ಇನ್ನು ಕೆಲವರು. ಅದೇ ದಿನಗಳಲ್ಲಿ ನಮ್ಮ ದೇಶದಲ್ಲೇನಾಗುತ್ತಿತ್ತು ಎಂಬುದು ಓದುಗರಿಗೆ ನೆನಪಿರಬಹುದು. ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಕೊಲೆಯಾಗಿತ್ತು. ನಯನತಾರಾ ಸೆಹಗಲ್ ತಮ್ಮ ಅಕಾಡೆಮಿ ಪ್ರಶಸ್ತಿಯನ್ನು ಮರಳಿಸುವುದಾಗಿ ಘೋಷಿಸಿದ್ದು ಅಕ್ಟೋಬರ್ 6ರಂದು. ಅಲ್ಲಿ ಪ್ರಶಸ್ತಿ ಪಡೆದದ್ದು ರಾಜಕೀಯವಾಯಿತು, ಇಲ್ಲಿ ಪ್ರಶಸ್ತಿ ಮರಳಿಸಿದ್ದು ರಾಜಕೀಯವಾಯಿತು. ಸಾಹಿತಿ ಏನು ಮಾಡಿದರೆ ಅದು ರಾಜಕೀಯವಾಗುವುದಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಅಲೆಕ್ಸಿಯೆವಿಚ್ ಅವರ ಮಟ್ಟಿಗೆ ಈ ಆರೋಪವನ್ನು ಸ್ವಲ್ಪ ನಿಂತು ನೋಡಬೇಕೆಂದು ನಮಗನಿಸುತ್ತದೆ. ಏಕೆಂದರೆ ಅವರ ವಿಷಯದಲ್ಲಿ ಕಾಲಕ್ರಮವೇ ಈ ಆರೋಪಕ್ಕೆ ಎದುರಾಗಿ ನಿಲ್ಲುತ್ತದೆ. ಅವರು ವಿರೋಧಿ ರಾಜಕೀಯದ ಸಂಘಟನೆಯಲ್ಲಿ ಹೆಸರು ಕೊಟ್ಟು ಕುಳಿತದ್ದು 2020ರಲ್ಲಿ. ಪ್ರಶಸ್ತಿ ಬಂದದ್ದು ಅದಕ್ಕಿಂತ ಐದು ವರ್ಷ ಮೊದಲು. ಆ ಪ್ರಶಸ್ತಿಗೆ ಕಾರಣವಾದ ಮೊದಲ ಪುಸ್ತಕ ಬಂದದ್ದು 1985ರಲ್ಲಿ. ಆಗ ಬೆಲಾರುಸ್ ಎಂಬ ಸ್ವತಂತ್ರ ದೇಶವೂ ಇರಲಿಲ್ಲ, ಲುಕಾಶೆಂಕೊ ಎಂಬ ಅಧ್ಯಕ್ಷರೂ ಇರಲಿಲ್ಲ.

1948ರಲ್ಲಿ ಉಕ್ರೇನಿನಲ್ಲಿ ಹುಟ್ಟಿದ ಅಲೆಕ್ಸಿಯೆವಿಚ್ ಅವರ ತಾಯಿ ಉಕ್ರೇನಿನವರು, ತಂದೆ ಬೆಲಾರುಸಿನವರು. ಇಬ್ಬರೂ ಹಳ್ಳಿಯ ಶಾಲೆಯ ಶಿಕ್ಷಕರು. ಮಿನ್ಸ್ಕ್‌ನಲ್ಲಿ ಪತ್ರಿಕೋದ್ಯಮ ಕಲಿತು ಪತ್ರಿಕೆಗಳಲ್ಲಿ ದುಡಿದರು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಸುಟ್ಟುಹಾಕಿದ ಬೆಲಾರುಸಿನ ಹಳ್ಳಿಗಳಿಗೆ ಹೋಗಿ, ಬದುಕುಳಿದವರ ಮಾತುಗಳನ್ನು ದಾಖಲಿಸಿದ ಅಲೆಸ್ ಅದಮೊವಿಚ್ ಅವರನ್ನು ತಮ್ಮ ಗುರು ಎಂದು ಅವರು ಕರೆಯುತ್ತಾರೆ. ಧ್ವನಿಮುದ್ರಣದ ಪೆಟ್ಟಿಗೆ ಹಿಡಿದು ಮನೆಮನೆಗೆ ಹೋಗಿ ಅಡುಗೆಮನೆಯಲ್ಲಿ ಕುಳಿತು ಕೇಳುವುದು, ಒಬ್ಬರ ಬಳಿಗೇ ಮತ್ತೆ ಮತ್ತೆ ಹೋಗುವುದು, ನೂರಾರು ಮಂದಿಯ ಮಾತಿನಿಂದ ಕೆಲವನ್ನು ಆರಿಸಿ ಹೆಣೆಯುವುದು ಅವರ ಬರವಣಿಗೆಯ ಕ್ರಮ. ಅವರ ಪುಸ್ತಕಗಳಲ್ಲಿ ಕಥಾನಾಯಕನಿಲ್ಲ, ಲೇಖಕಿಯ ವ್ಯಾಖ್ಯಾನವೂ ಕಡಿಮೆ. ಒಬ್ಬರಾದ ಮೇಲೊಬ್ಬರು ಮಾತನಾಡುತ್ತಾ ಹೋಗುತ್ತಾರೆ.

ಮೊದಲ ಪುಸ್ತಕ ಯುದ್ಧದಲ್ಲಿ ಹೋರಾಡಿದ ಸೋವಿಯತ್ ಮಹಿಳೆಯರ ಕುರಿತದ್ದು. ನಾಜಿಗಳ ವಿರುದ್ಧದ ಆ ಯುದ್ಧದಲ್ಲಿ ಸುಮಾರು 8ರಿಂದ 10 ಲಕ್ಷ ಹೆಣ್ಣುಮಕ್ಕಳು ಸೇವೆ ಸಲ್ಲಿಸಿದ್ದರು. ದಾದಿಯರಾಗಿ ಮಾತ್ರವಲ್ಲ, ಗುರಿಕಾರರಾಗಿ, ವಿಮಾನ ಚಾಲಕರಾಗಿ, ಟ್ಯಾಂಕಿನ ಸಿಬ್ಬಂದಿಯಾಗಿ ಕೂಡಾ. ಅವರನ್ನು ಅಲೆಕ್ಸಿಯೆವಿಚ್ ಹುಡುಕಿಕೊಂಡು ಹೋದರು. ಅವರು ಹೇಳಿದ್ದು ಸರಕಾರಿ ಚರಿತ್ರೆಯ ಗೆಲುವಿನ ಕಥೆಯನ್ನಲ್ಲ. ಅಳತೆಗೆ ಸರಿಯಿಲ್ಲದ ಗಂಡಸರ ಬೂಟುಗಳನ್ನು, ರಕ್ತದ ವಾಸನೆಯನ್ನು, ಯುದ್ಧ ಮುಗಿದು ಊರಿಗೆ ಬಂದಾಗ ಊರಿನವರು ತಮ್ಮ ಶೀಲವನ್ನು ಶಂಕಿಸಿದ್ದನ್ನು ಹೇಳಿದರು. ಒಂದು ಮನೆಯಲ್ಲಿ ಗಂಡ ಹಿಂದಿನ ರಾತ್ರಿಯೆಲ್ಲಾ ಕೂತು ಹೆಂಡತಿಗೆ ಅಧಿಕೃತ ಇತಿಹಾಸದ ಪಾಠ ಹೇಳಿಕೊಟ್ಟಿದ್ದನಂತೆ, ಕಣ್ಣೀರಿನ ಮಾತು ಬೇಡ, ಕಲಿಸಿದಂತೆ ಹೇಳು ಎಂದು. ಪ್ರಭುತ್ವದ ಸೆನ್ಸಾರ್ ಕೆಲಸ ಮಾಡುವುದು ಕಚೇರಿಗಳಲ್ಲಿ ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ಕಚೇರಿಯ ಸೆನ್ಸಾರ್ ಕೂಡಾ ಸುಮ್ಮನಿರಲಿಲ್ಲ. ಸೋವಿಯತ್ ಮಹಿಳೆಯನ್ನು ಅವಮಾನಿಸಲಾಗಿದೆ ಎಂಬ ಆಕ್ಷೇಪದಿಂದ ಪುಸ್ತಕ ತಡೆದು ನಿಂತಿತು. ಗೋರ್ಬಚೆವ್ ಬಂದ ಮೇಲೆ ಪ್ರಕಟವಾಗಿ ಸುಮಾರು 20 ಲಕ್ಷ ಪ್ರತಿಗಳು ಹೋದವು. ಸೆನ್ಸಾರ್ ಕತ್ತರಿಸಿದ ಭಾಗಗಳನ್ನೂ ಸೆನ್ಸಾರ್ ಅಧಿಕಾರಿಯೊಂದಿಗೆ ನಡೆದ ಮಾತುಕತೆಯನ್ನೂ ನಂತರದ ಆವೃತ್ತಿಯಲ್ಲಿ ಅವರು ಸೇರಿಸಿದರು.

ಇಂಥ ಪುಸ್ತಕವನ್ನು ಸಾಹಿತ್ಯ ಎನ್ನಬೇಕೋ ವರದಿ ಎನ್ನಬೇಕೋ ಎಂಬ ಚರ್ಚೆಯನ್ನು ನಾವು ಹೆಚ್ಚು ಬೆಳೆಸಲಾರೆವು. 1902ರಲ್ಲಿ ರೋಮಿನ ಚರಿತ್ರೆ ಬರೆದ ಮೊಮ್ಸೆನ್‌ಗೂ 1950ರಲ್ಲಿ ತತ್ವಶಾಸ್ತ್ರಜ್ಞ ಬರ್ಟ್ರಾಂಡ್ ರಸೆಲ್‌ಗೂ 1953ರಲ್ಲಿ ಚರ್ಚಿಲ್‌ಗೂ ಇದೇ ಪ್ರಶಸ್ತಿ ಸಂದಿದೆ. ಚರ್ಚಿಲ್ ಆಗ ಬ್ರಿಟನ್ನಿನ ಪ್ರಧಾನಿ! ಅಧಿಕಾರದಲ್ಲಿರುವ ಪ್ರಧಾನಿಗೆ ಸಾಹಿತ್ಯದ ಪ್ರಶಸ್ತಿ ಕೊಡುವಾಗ ಕಾಣದ ರಾಜಕೀಯ, ಅಧಿಕಾರವಿಲ್ಲದ ಪತ್ರಕರ್ತೆಗೆ ಕೊಡುವಾಗ ಕಾಣುವುದು ವಿಚಿತ್ರ.

ನಿಜವಾಗಿ ಕೇಳಬೇಕಾದ ಸಾಹಿತ್ಯಿಕ ಪ್ರಶ್ನೆ ಬೇರೆ ಇದೆ. ಇಲ್ಲಿ ಮಾತನಾಡುವ ಜನರ ಮಾತು ಎಷ್ಟರ ಮಟ್ಟಿಗೆ ಅವರದು? ಅಲೆಕ್ಸಿಯೆವಿಚ್ ತಮ್ಮ ಪುಸ್ತಕಗಳನ್ನು ಆವೃತ್ತಿಯಿಂದ ಆವೃತ್ತಿಗೆ ತಿದ್ದುತ್ತಾ ಬಂದವರು. ಒಂದು ಆವೃತ್ತಿಯಲ್ಲಿ ಒಬ್ಬರು ಆಡಿದ ಮಾತು ಮತ್ತೊಂದರಲ್ಲಿ ಬೇರೆ ರೂಪದಲ್ಲಿ ಬರುವುದನ್ನು ಸಂಶೋಧಕರು ತೋರಿಸಿದ್ದಾರೆ. ಅವರ ಕೃತಿಗಳನ್ನು ಫ್ರೆಂಚಿಗೆ ತಂದ ಗಾಲಿಯಾ ಆಕರ್‌ಮನ್ ಅವರೇ ಈ ಕುರಿತು ಗಂಭೀರ ಆಕ್ಷೇಪ ಎತ್ತಿದವರಲ್ಲೊಬ್ಬರು. ತಾನು ಬರೆಯುವುದು ಭಾವನೆಗಳ ಚರಿತ್ರೆ, ಕಡತಗಳ ಚರಿತ್ರೆಯಲ್ಲ ಎಂಬುದು ಲೇಖಕಿಯ ನಿಲುವು. ಇದು ಪೂರ್ತಿ ಒಪ್ಪತಕ್ಕ ಉತ್ತರವೆಂದು ನಮಗನಿಸುವುದಿಲ್ಲ. ನೊಂದವರ ಹೆಸರು ಹಾಕಿ ಅವರ ಬಾಯಲ್ಲಿ ಮಾತು ಇಡುವಾಗ ಕಾದಂಬರಿಕಾರನಿಗೆ ಇರುವ ಸ್ವಾತಂತ್ರ್ಯ ಬರಹಗಾರನಿಗೆ ಇರುವುದಿಲ್ಲ. ರಾಜಕೀಯ ಪ್ರಶಸ್ತಿ ಎಂದು ಕೂಗಿದವರು ಈ ಪ್ರಶ್ನೆಯನ್ನು ಕೇಳಿದ್ದರೆ ಅದಕ್ಕೊಂದು ತೂಕವಿರುತ್ತಿತ್ತು. ಆದರೆ ಅದಕ್ಕೆ ಪುಸ್ತಕ ಓದಬೇಕಾಗುತ್ತದೆ.

ಅವರ ಪುಸ್ತಕಗಳಲ್ಲಿ ನಮ್ಮ ಓದುಗರಿಗೆ ಅತಿ ಹತ್ತಿರವಾಗಬಹುದಾದದ್ದು ಅಫ್ಘಾನಿಸ್ತಾನದ ಯುದ್ಧವನ್ನು ಕುರಿತದ್ದು. ಅದರ ಹೆಸರು ‘ಸತುವಿನ ಹುಡುಗರು’ ಎಂಬರ್ಥದ್ದು. 1979ರ ಡಿಸೆಂಬರಿನಲ್ಲಿ ಅಫ್ಘಾನಿಸ್ತಾನಕ್ಕೆ ನುಗ್ಗಿದ ಸೋವಿಯತ್ ಸೈನ್ಯ ಅಲ್ಲಿಂದ ಹೊರಟದ್ದು 1989ರ ಫೆಬ್ರವರಿ 15ರಂದು. ಆ ನಡುವೆ ಸತ್ತ ಸುಮಾರು 15 ಸಾವಿರ ಸೋವಿಯತ್ ಯೋಧರ ಶವಗಳು ಸತುವಿನ ಪೆಟ್ಟಿಗೆಗಳಲ್ಲಿ ಊರಿಗೆ ಬಂದವು. ಪೆಟ್ಟಿಗೆಯನ್ನು ಬೆಸುಗೆ ಹಾಕಿ ಮುಚ್ಚಿರುತ್ತಿದ್ದರು. ತಾಯಂದಿರು ಅದನ್ನು ತೆರೆದು ನೋಡುವಂತಿರಲಿಲ್ಲ. ಒಳಗೆ ಇರುವುದು ತನ್ನ ಮಗನೇ ಹೌದೋ ಅಲ್ಲವೋ ಎಂಬ ಸಂಶಯದಲ್ಲೇ ಬದುಕಿದವರಿದ್ದಾರೆ. ಅಧಿಕೃತ ಹೇಳಿಕೆಯ ಪ್ರಕಾರ ಆ ಹುಡುಗರು ಅಲ್ಲಿ ಶಾಲೆ, ರಸ್ತೆಗಳನ್ನು ಕಟ್ಟಿಕೊಡುತ್ತಿದ್ದರು, ಗಿಡ ನೆಡುತ್ತಿದ್ದರು. ಮರಳಿ ಬಂದವರು ಅಲೆಕ್ಸಿಯೆವಿಚ್ ಅವರಿಗೆ ಹೇಳಿದ್ದು ಬೇರೆಯೇ. ಕೊಲ್ಲುವುದು ಹೇಗೆ ಅಭ್ಯಾಸವಾಯಿತೆಂದು, ಹಳ್ಳಿಗಳನ್ನು ಹೇಗೆ ನೆಲಸಮ ಮಾಡಿದೆವೆಂದು, ಮನೆಗೆ ಬಂದ ಮೇಲೆ ನಿದ್ದೆ ಹೇಗೆ ಹೋಯಿತೆಂದು ಹೇಳಿದರು.

ಅವರ ಮೇಲೆ ಮೊಕದ್ದಮೆ ಬಿದ್ದದ್ದು ಈ ಪುಸ್ತಕಕ್ಕಾಗಿ. 1992-93ರಲ್ಲಿ ಮಿನ್ಸ್ಕ್ ನ್ಯಾಯಾಲಯದಲ್ಲಿ ಫಿರ್ಯಾದಿಗಳಾಗಿ ನಿಂತವರು ಸೇನಾಧಿಕಾರಿಗಳಲ್ಲ, ಅವರ ಮುಂದೆ ಅತ್ತು ಮಾತನಾಡಿದ ತಾಯಂದಿರು ಮತ್ತು ಮಾಜಿ ಸೈನಿಕರು. ನಮ್ಮ ಮಕ್ಕಳನ್ನು ಕೊಲೆಗಾರರೆಂದು ತೋರಿಸಿದಿರಿ, ನಮಗೆ ನಿಮ್ಮ ಸತ್ಯ ಬೇಡ, ವೀರನಾದ ಮಗ ಬೇಕು ಎಂಬುದು ಅವರ ನೋವಿನ ತಿರುಳು. ಈ ಮೊಕದ್ದಮೆಯ ಹಿಂದೆ ಸೈನ್ಯದ ಕೈ ಇದೆಯೆಂದು ಲೇಖಕಿಯ ಪರವಾದವರು ಹೇಳಿದ್ದಾರೆ. ಇರಬಹುದು. ಆದರೆ ಆ ತಾಯಂದಿರ ಸಂಕಟವನ್ನು ಅಷ್ಟಕ್ಕೆ ಇಳಿಸುವುದು ಸರಿಯಲ್ಲ. ಮಗ ಸತ್ತದ್ದು ವ್ಯರ್ಥ ಎಂದು ಒಪ್ಪಿಕೊಳ್ಳುವ ಬದಲು ಸುಳ್ಳಿನ ಪದಕವೊಂದನ್ನು ಎದೆಗೊತ್ತಿಕೊಳ್ಳುವ ತಾಯಿ ಯಾವ ದೇಶದಲ್ಲಿಲ್ಲ? ಮೊಕದ್ದಮೆಯ ಕಡತಗಳನ್ನು ಅಲೆಕ್ಸಿಯೆವಿಚ್ ಮುಂದಿನ ಆವೃತ್ತಿಗಳಲ್ಲಿ ಪುಸ್ತಕದ ಕೊನೆಗೆ ಸೇರಿಸಿದರು. ತನ್ನ ವಿರುದ್ಧದ ಸಾಕ್ಷ್ಯವನ್ನು ತನ್ನ ಪುಸ್ತಕದಲ್ಲೇ ಅಚ್ಚು ಹಾಕಿದ ಲೇಖಕರು ವಿರಳ. ನಮ್ಮ ದೃಷ್ಟಿಯಲ್ಲಿ ಅವರ ಅತ್ಯಂತ ದೊಡ್ಡ ರಾಜಕೀಯ ನಡೆ ಇದುವೇ ಹೊರತು ಮುಂದೆ ಕೊಟ್ಟ ಯಾವುದೇ ಹೇಳಿಕೆಯಲ್ಲ.

ಆದರೂ ಆ ಪುಸ್ತಕ ಮುಚ್ಚಿಟ್ಟಾಗ ಒಂದು ಕೊರತೆ ನಮ್ಮನ್ನು ಕಾಡುತ್ತದೆ. ಅಲ್ಲಿ ಸೋವಿಯತ್ ಸೈನಿಕ ಮಾತನಾಡುತ್ತಾನೆ, ದಾದಿ ಮಾತನಾಡುತ್ತಾಳೆ, ತಾಯಿ, ವಿಧವೆ ಎಲ್ಲರೂ ಮಾತನಾಡುತ್ತಾರೆ. ಅಫ್ಘಾನಿ ಮಾತನಾಡುವುದಿಲ್ಲ. ಆ ಹತ್ತು ವರ್ಷಗಳಲ್ಲಿ ಸತ್ತ ಅಫ್ಘಾನರ ಸಂಖ್ಯೆಯ ಅಂದಾಜು 10 ಲಕ್ಷದ ಆಸುಪಾಸಿನಲ್ಲಿದೆ. ದೇಶ ಬಿಟ್ಟು ಪಾಕಿಸ್ತಾನ, ಇರಾನುಗಳಿಗೆ ಓಡಿದವರು ಇನ್ನೆಷ್ಟೋ ಲಕ್ಷ. ಆಕ್ರಮಣಕಾರನ ಮನೆಯಲ್ಲಿ ಬಿದ್ದ ಕಣ್ಣೀರನ್ನು ಇಷ್ಟು ಪ್ರಾಮಾಣಿಕವಾಗಿ ಹಿಡಿದಿಟ್ಟ ಪುಸ್ತಕದಲ್ಲಿ, ಆಕ್ರಮಣಕ್ಕೊಳಗಾದವನ ಮನೆಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇದೆ. ಇದಕ್ಕೆ ಸಮರ್ಥನೆ ಇಲ್ಲದಿಲ್ಲ. ತನ್ನ ಸಮಾಜ ತನಗೇ ಹೇಳಿಕೊಂಡ ಸುಳ್ಳನ್ನು ಒಡೆಯುವುದು ಲೇಖಕಿಯ ಉದ್ದೇಶವಾಗಿತ್ತು, ಅವರಿಗೆ ಭಾಷೆಯ ತೊಡಕಿತ್ತು, ಕಾಬೂಲಿನಲ್ಲಿ ಇದ್ದದ್ದು ಕೆಲವೇ ದಿನ. ಒಪ್ಪೋಣ. ಪಶ್ಚಿಮದ ವಿಮರ್ಶಕರು ಈ ಕೊರತೆಯನ್ನು ಹೆಚ್ಚು ಚರ್ಚಿಸದಿರುವುದು ನಮಗೆ ಆಶ್ಚರ್ಯ ತರುವುದಿಲ್ಲ. ವಿಯೆಟ್ನಾಂ ಬಗ್ಗೆ ಅಮೆರಿಕನ್ನರು ತೆಗೆದ ಸಿನಿಮಾಗಳಲ್ಲಿ ವಿಯೆಟ್ನಾಮಿಯರಿಗೆ ಎಷ್ಟು ಸಂಭಾಷಣೆಗಳಿವೆ ಎಂದು ಲೆಕ್ಕ ಹಾಕಿ ನೋಡಿ, ಕಾರಣ ತಿಳಿಯುತ್ತದೆ.

1997ರಲ್ಲಿ ಬಂದ ಚೆರ್ನೋಬಿಲ್ ಕೃತಿಯಲ್ಲಿ ಈ ದೂರು ಉಳಿಯುವುದಿಲ್ಲ. 1986ರ ಏಪ್ರಿಲ್ 26ರಂದು ಸ್ಫೋಟಗೊಂಡ ಅಣುಸ್ಥಾವರ ಇದ್ದದ್ದು ಉಕ್ರೇನಿನಲ್ಲಿ. ಗಾಳಿ ಬೀಸಿದ್ದು ಬೆಲಾರುಸಿನ ಕಡೆಗೆ. ಸ್ವಂತಕ್ಕೊಂದು ಅಣುಸ್ಥಾವರವೂ ಇಲ್ಲದಿದ್ದ ಆ ಪುಟ್ಟ ನಾಡಿನ ಮೇಲೆ ವಿಕಿರಣದ ಧೂಳಿನ ಬಹುಪಾಲು ಇಳಿಯಿತು. ಬೆಂಕಿ ಆರಿಸಲು ಹೋಗಿ ಸತ್ತ ಯುವಕನೊಬ್ಬನ ಹೆಂಡತಿಯ ಮಾತಿನಿಂದ ಪುಸ್ತಕ ತೊಡಗುತ್ತದೆ. ಗಂಡನ ಮಂಚದ ಬಳಿ ಹೋಗಬೇಡ, ಅಲ್ಲಿ ಮಲಗಿರುವುದು ನಿನ್ನ ಗಂಡನಲ್ಲ, ವಿಕಿರಣ ಸೂಸುವ ವಸ್ತು ಎಂದು ಆಸ್ಪತ್ರೆಯಲ್ಲಿ ಅವಳಿಗೆ ಹೇಳುತ್ತಾರೆ. ಅವಳು ಗರ್ಭಿಣಿಯೆಂಬುದನ್ನು ಬಚ್ಚಿಟ್ಟು ಅವನ ಬಳಿಯೇ ಉಳಿಯುತ್ತಾಳೆ. ಇಲ್ಲಿ ಲೇಖಕಿ ಹೊರಗಿನವರಲ್ಲ, ಅದೇ ಧೂಳಿನಡಿ ಬದುಕಿದವರು. ಎಲ್ಲ ಪುಸ್ತಕಗಳಲ್ಲಿ ನಾವು ಮೊದಲ ಸ್ಥಾನ ಕೊಡುವುದು ಇದಕ್ಕೆ. ಸೋವಿಯತ್ ಒಕ್ಕೂಟ ಮುರಿದುಬಿದ್ದ ನಂತರದ ಬದುಕನ್ನು ಕುರಿತ 2013ರ ದೊಡ್ಡ ಪುಸ್ತಕ ವಿಸ್ತಾರದಲ್ಲಿ ಮಿಗಿಲು, ಆದರೆ ಅಲ್ಲಿ ಧ್ವನಿಗಳು ಒಂದರೊಳಗೊಂದು ಕರಗಿ ಕೆಲವೊಮ್ಮೆ ಒಂದೇ ಧ್ವನಿಯಂತೆ ಕೇಳುತ್ತವೆ.

ಇನ್ನು ಅವರ ರಾಜಕೀಯಕ್ಕೆ ಬರೋಣ. 1994ರಿಂದ ಅಧಿಕಾರದಲ್ಲಿರುವ ಲುಕಾಶೆಂಕೊ ಅವರ ಆಡಳಿತದಲ್ಲಿ ಅಲೆಕ್ಸಿಯೆವಿಚ್ ಅವರ ಪುಸ್ತಕಗಳಿಗೆ ಸರಕಾರಿ ಪ್ರಕಾಶನದ ಬಾಗಿಲು ಮುಚ್ಚಿತ್ತು. 2000ದಿಂದ ಸುಮಾರು ಹತ್ತು ವರ್ಷ ಅವರು ಯುರೋಪಿನ ಬೇರೆ ಬೇರೆ ಊರುಗಳಲ್ಲಿದ್ದು ಮರಳಿದರು. ನೊಬೆಲ್ ಬಂದಾಗ ಅಧ್ಯಕ್ಷರು ಮೊದಲು ಅಭಿನಂದಿಸಿದರು, ಕೆಲವೇ ದಿನಗಳಲ್ಲಿ ದೇಶದ ಮೇಲೆ ಕೊಳಕು ಸುರಿಯುವವರೆಂದು ಜರೆದರು. ಇನ್ನೊಂದು ಕಡೆಯಿಂದಲೂ ಏಟು ಬಿತ್ತು. ಅವರು ಬರೆಯುವುದು ರಷ್ಯನ್ ಭಾಷೆಯಲ್ಲಿ. ಹಾಗಾಗಿ ಅವರು ಬೆಲಾರುಸಿನ ಲೇಖಕಿಯೇ ಅಲ್ಲ ಎಂದು ಬೆಲರೂಸಿ ಭಾಷಾಭಿಮಾನಿಗಳಲ್ಲಿ ಕೆಲವರು ಹೇಳಿದರು. ಮನೆಯಲ್ಲಿ ಬ್ಯಾರಿಯನ್ನೋ ಉರ್ದುವನ್ನೋ ಆಡುತ್ತಾ ಕನ್ನಡದಲ್ಲಿ ಬರೆಯುವವರಿಗೆ ಈ ತಕರಾರಿನ ರುಚಿ ಗೊತ್ತು. ಮಾಸ್ಕೋಗೆ ದ್ರೋಹಿ, ಮಿನ್ಸ್ಕಿಗೆ ನಿಂದಕಿ, ಭಾಷಾಭಿಮಾನಿಗೆ ಪರಕೀಯಳು. ಒಬ್ಬ ಲೇಖಕಿಯನ್ನು ಮೂರು ಪಕ್ಷದವರೂ ತಮ್ಮವಳಲ್ಲ ಎಂದರೆ ಅವರು ಪಕ್ಷಕ್ಕಾಗಿ ಬರೆದವರಲ್ಲ ಎಂದಷ್ಟೇ ಅರ್ಥ.

2020ರ ಆಗಸ್ಟ್ 9ರ ಅಧ್ಯಕ್ಷೀಯ ಚುನಾವಣೆಯಲ್ಲಿ ಲುಕಾಶೆಂಕೊ ಅವರಿಗೆ ಶೇಕಡಾ 80ರಷ್ಟು ಮತ ಬಿದ್ದಿದೆ ಎಂದು ಘೋಷಿಸಲಾಯಿತು. ಜನ ಬೀದಿಗಿಳಿದರು. ಅಧಿಕಾರದ ಶಾಂತಿಯುತ ಹಸ್ತಾಂತರಕ್ಕಾಗಿ ವಿರೋಧ ಪಕ್ಷದವರು ಸಮನ್ವಯ ಮಂಡಳಿಯನ್ನು ರಚಿಸಿದಾಗ ಅದರ ಏಳು ಮಂದಿಯ ಅಧ್ಯಕ್ಷೀಯ ಸಮಿತಿಯಲ್ಲಿ 72ರ ಹರೆಯದ ಅಲೆಕ್ಸಿಯೆವಿಚ್ ಕೂಡಾ ಇದ್ದರು. ದಿನನಿತ್ಯದ ಸಂಘಟನೆಯಲ್ಲಿ ಅವರ ಪಾತ್ರ ದೊಡ್ಡದೇನಲ್ಲ. ಅಲ್ಲಿ ಕೆಲಸ ಮಾಡಿದ್ದು ಅವರ ಹೆಸರು. ಪ್ರಶಸ್ತಿಗೆ ನಿಜವಾದ ಬೆಲೆಯೊಂದು ಇದ್ದರೆ ಅದು ಇಂಥ ದಿನ ಖರ್ಚು ಮಾಡುವುದಕ್ಕೇ ಇರಬೇಕು. ಆಗಸ್ಟ್ 26ರಂದು ಅವರನ್ನು ತನಿಖೆಗೆ ಕರೆಸಿದರು, ಅವರು ಹೇಳಿಕೆ ಕೊಡಲು ನಿರಾಕರಿಸಿದರು. ಸಮಿತಿಯ ಇತರರು ಒಬ್ಬೊಬ್ಬರಾಗಿ ಸೆರೆಯಾದರು ಅಥವಾ ದೇಶದಾಚೆ ದೂಡಲ್ಪಟ್ಟರು. ಅವರಲ್ಲೊಬ್ಬರಾದ ಮಾರಿಯಾ ಕೊಲೆಸ್ನಿಕೊವಾ ಗಡಿಯಲ್ಲಿ ತನ್ನ ಪಾಸ್‌ಪೋರ್ಟನ್ನೇ ಹರಿದುಹಾಕಿ ಹೋಗಲೊಪ್ಪದೆ ಸೆರೆಮನೆ ಸೇರಿದರು. 2021ರಲ್ಲಿ ಅವರಿಗೆ 11 ವರ್ಷಗಳ ಶಿಕ್ಷೆಯಾಯಿತು. ಬಿಡುಗಡೆಯಾದದ್ದು 2025ರ ಡಿಸೆಂಬರಿನಲ್ಲಿ. ಸೆಪ್ಟೆಂಬರ್ 9ರಂದು ಅಲೆಕ್ಸಿಯೆವಿಚ್ ಅವರ ಮನೆಯ ಬಾಗಿಲಲ್ಲಿ ಅಪರಿಚಿತರು ಸುಳಿದಾಡಿದಾಗ ಯುರೋಪಿನ ರಾಜತಾಂತ್ರಿಕರು ಬಂದು ಅವರ ಮನೆಯಲ್ಲಿ ಕುಳಿತರು. ಅದೇ ತಿಂಗಳ ಕೊನೆಗೆ ಅವರು ಜರ್ಮನಿಗೆ ಹೊರಟರು. ಮರುವರ್ಷ, ಅವರು ಅಧ್ಯಕ್ಷೆಯಾಗಿದ್ದ ಲೇಖಕರ ಸಂಘ ಬೆಲರೂಸಿ ಪೆನ್ ಅನ್ನು ನ್ಯಾಯಾಲಯದ ಆದೇಶದಿಂದ ಮುಚ್ಚಲಾಯಿತು. ಶಾಲೆಯ ಪಠ್ಯಗಳಿಂದ ಅವರ ಬರಹಗಳು ಹೋದವು.

ನೊಬೆಲ್ ಬಾರದ ಲೇಖಕರ ಮನೆಗೆ ಯಾವ ರಾಯಭಾರಿಗಳೂ ಬಂದು ಕೂರುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಮನ್ನಣೆ ಎಂಬುದು ಕೆಲವರಿಗೆ ಗುರಾಣಿ. ಆದರೆ ಆ ಗುರಾಣಿಯನ್ನು ಹಂಚುವ ಕೈಗಳ ಮೇಲೆ ನಮಗೆ ಪೂರ್ತಿ ವಿಶ್ವಾಸವಿಲ್ಲ. 2019ರಲ್ಲಿ ಇದೇ ಸ್ವೀಡಿಷ್ ಅಕಾಡೆಮಿ ಆಸ್ಟ್ರಿಯಾದ ಪೀಟರ್ ಹಾಂಡ್ಕೆಯವರಿಗೆ ನೊಬೆಲ್ ನೀಡಿತು. ಬೋಸ್ನಿಯಾದ ಯುದ್ಧದ ವರದಿಗಳನ್ನು ಸಂಶಯಿಸಿ, ಸೆರ್ಬಿಯಾದ ಪರ ವಹಿಸಿ ಬರೆದ ಲೇಖಕರವರು. 2006ರಲ್ಲಿ ಮಿಲೊಸೆವಿಚ್‌ರ ಅಂತ್ಯಸಂಸ್ಕಾರಕ್ಕೆ ಹೋಗಿ ಅಲ್ಲಿ ಮಾತನಾಡಿದವರು. 1995ರ ಜುಲೈಯಲ್ಲಿ ಸ್ರೆಬ್ರೆನಿಕಾದಲ್ಲಿ ಕೊಲ್ಲಲ್ಪಟ್ಟ 8 ಸಾವಿರಕ್ಕೂ ಮಿಕ್ಕ ಮುಸ್ಲಿಮ್ ಪುರುಷರ ಮತ್ತು ಹುಡುಗರ ತಾಯಂದಿರು ಆ ಪ್ರಶಸ್ತಿಯನ್ನು ಹಿಂದೆಗೆಯಬೇಕೆಂದು ಕೇಳಿಕೊಂಡರು. ಇದು ಸಾಹಿತ್ಯದ ಪ್ರಶಸ್ತಿ, ರಾಜಕೀಯದ್ದಲ್ಲ ಎಂಬ ಉತ್ತರ ಬಂತು. ಅಕಾಡೆಮಿಯ ಸದಸ್ಯರಾದ ಪೀಟರ್ ಎಂಗ್ಲುಂಡ್ ಸಮಾರಂಭಕ್ಕೆ ಹೋಗದೆ ಪ್ರತಿಭಟಿಸಿದ್ದು ಅಲ್ಪ ಸಮಾಧಾನ.

ಹಾಗಾದರೆ ಹಾಂಡ್ಕೆಗೆ ಬೇಡ, ಅಲೆಕ್ಸಿಯೆವಿಚ್‌ಗೆ ಬೇಕು ಎನ್ನುವ ನಾವೂ ನಮ್ಮ ರಾಜಕೀಯ ನೋಡಿಕೊಂಡು ಅಂಕ ಕೊಡುತ್ತಿದ್ದೇವೆಯೇ? ಇಲ್ಲ ಎಂದೇ ನಮ್ಮ ಉತ್ತರ. ಇಬ್ಬರ ಮತಪತ್ರ ನಮಗೆ ಮುಖ್ಯವಲ್ಲ. ನೊಂದವರು ಬಾಯಿ ತೆರೆದಾಗ ಲೇಖಕರ ಕಿವಿ ಏನು ಮಾಡಿತು ಎಂಬುದು ಕೃತಿಯ ಒಳಗಿನ ಪ್ರಶ್ನೆ. ಒಬ್ಬರು ಹಿಂಸೆಗೊಳಗಾದವರ ಮಾತಿಗಿಂತ ತಮ್ಮ ಸಂಶಯವನ್ನು ದೊಡ್ಡದು ಮಾಡಿದರು. ಇನ್ನೊಬ್ಬರು ತಮ್ಮನ್ನು ನ್ಯಾಯಾಲಯಕ್ಕೆಳೆದವರ ಮಾತನ್ನೂ ತಮ್ಮ ಪುಸ್ತಕದೊಳಗೆ ಬಿಟ್ಟುಕೊಂಡರು. ಇದೇ ಅಳತೆಗೋಲಿನಿಂದಲೇ ‘ಸತುವಿನ ಹುಡುಗರು’ ಕೃತಿಯ ಆ ಮುಚ್ಚಿದ ಬಾಗಿಲನ್ನೂ ನಾವು ತೋರಿಸಿದ್ದು.

ಪೂರ್ತಿ ಮುಚ್ಚಿತ್ತು ಎಂದರೆ ತಪ್ಪಾದೀತು. 1988ರಲ್ಲಿ ಕಾಬೂಲಿಗೆ ಹೋಗಿದ್ದಾಗ ಅಲೆಕ್ಸಿಯೆವಿಚ್ ಅಲ್ಲಿನ ಆಸ್ಪತ್ರೆಯೊಂದಕ್ಕೆ ಮಕ್ಕಳಿಗಾಗಿ ಆಟಿಕೆಗಳನ್ನು ಒಯ್ದಿದ್ದರು. ಅಫ್ಘಾನಿ ತಾಯಿಯೊಬ್ಬಳ ಮಗುವಿನ ಮುಂದೆ ಗೊಂಬೆ ಹಿಡಿದಾಗ ಅದು ಹಲ್ಲಿನಿಂದ ಕಚ್ಚಿ ತೆಗೆದುಕೊಂಡಿತು. ಹಲ್ಲಿನಿಂದೇಕೆ ಎಂದು ಕೇಳಿದ್ದಕ್ಕೆ ತಾಯಿ ಹೊದಿಕೆ ಸರಿಸಿದಳು. ಮಗುವಿಗೆ ಎರಡೂ ಕೈಗಳಿರಲಿಲ್ಲ. ಇದು ನಿಮ್ಮ ರಷ್ಯನ್ನರು ಬಾಂಬು ಹಾಕಿದಾಗ ಆದದ್ದು ಎಂದಳು. 27 ವರ್ಷಗಳ ನಂತರ, 2015ರ ಡಿಸೆಂಬರ್ 7ರಂದು ಸ್ಟಾಕ್‌ಹೋಮಿನಲ್ಲಿ ನೊಬೆಲ್ ಭಾಷಣ ಮಾಡುವಾಗ ಅವರು ಆ ತಾಯಿಯ ಮಾತನ್ನು ಅಲ್ಲಿ ಸೇರಿದ್ದವರ ಮುಂದೆ ಇಟ್ಟರು. ಆಕೆಯ ಹೆಸರು ಆ ಭಾಷಣದಲ್ಲಿಲ್ಲ.